ಪರ್ತಿನಲ್ಲಿ ನಾನು ಕಳೆ ಕಿತ್ತದ್ದು

ವಿಮಾನ ನಿಲ್ದಾಣ

ನನ್ನ ಚಪ್ಪಲಿಯನ್ನು ಅಷ್ಟು ಗೌರವದಿಂದ ಹಿಡಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಪರ್ತ್ ವಿಮಾನ ನಿಲ್ದಾಣದಲ್ಲಿ ಕೈಗವಸು ತೊಟ್ಟ ಅಧಿಕಾರಿಯೊಬ್ಬ ಅದನ್ನು ಎರಡು ಬೆರಳಿನಲ್ಲಿ ಎತ್ತಿ, ತಿರುವಿ, ಅಟ್ಟೆಗೆ ಮೆತ್ತಿದ್ದ ಕಪ್ಪು ಮಣ್ಣನ್ನು ನೋಡಿ, ಇದು ಎಲ್ಲಿಯದು ಎಂದು ಕೇಳಿದ. ಹೆಬ್ಬಳ್ಳಿಯದು ಎಂದೆ. ಹೊರಡುವ ಮುಂಚಿನ ದಿನ ತವರಿಗೆ ಹೋಗಿ ಹೊಲದಲ್ಲಿ ಅಡ್ಡಾಡಿ ಬಂದಿದ್ದೆ. ಅದರ ಹಿಂದಿನ ಸಂಜೆಯಷ್ಟೇ ಅಡ್ಡಮಳೆ ಬಿದ್ದಿತ್ತು. ನಮ್ಮ ಎರೆಮಣ್ಣು ಹಸಿಯಿದ್ದಾಗ ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಆತ ಚಪ್ಪಲಿಯನ್ನು ಒಳಗೆ ಒಯ್ದು, ಯಾವುದೋ ಔಷಧಿಯಲ್ಲಿ ತೊಳೆದು, ಒರೆಸಿ ತಂದುಕೊಟ್ಟ. ನನಗೆ ಸಂಕೋಚವಾಗಿ ಕೈಮುಗಿದೆ. ಶೇಂಗಾ ಚಟ್ನಿಯ ಡಬ್ಬಿ ತೆರೆದು ಮೂಸಿ, ಎರಡು ಸಲ ಸೀನಿ, ಅದನ್ನು ಮಾತ್ರ ಬೇಗ ಮುಚ್ಚಿ ಕೊಟ್ಟ. ಬೀಜ, ಬೇರು, ಹುಲ್ಲು ಏನಾದರೂ ಇದೆಯೇ ಎಂದು ಮೂರು ಸಲ ಕೇಳಿದ. ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು, ಮನೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಏಪ್ರಿಲ್ ರಜೆಗೆ ಮೂರು ವಾರ ಅಕ್ಕನ ಮನೆಗೆಂದು ಬಂದಿದ್ದೆ. ಹುಲ್ಲು ಹೊತ್ತುಕೊಂಡು ವಿಮಾನ ಹತ್ತುವ ಹೆಂಗಸಿನ ಹಾಗೆ ಇವನಿಗೆ ಕಂಡೆನೇ ಎಂದು ದಾರಿಯುದ್ದಕ್ಕೂ ಅಕ್ಕನ ಮುಂದೆ ಗೊಣಗುತ್ತ ಹೋದೆ.

ಮೊದಲ ದಿನ: ಕಾಲಿಡಬಾರದ ಜಾಗ

ಲಲಿತಕ್ಕ ನನಗಿಂತ ಐದು ವರ್ಷ ದೊಡ್ಡವಳು. ಪರ್ತಿನ ಹೊರವಲಯದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸ್. ಭಾವ ಬಸ್ಸು ಓಡಿಸುತ್ತಾರೆ. ಬೆಳಗಿನ ಪಾಳಿಗೆ ಅವರು ಕತ್ತಲಿರುವಾಗಲೇ ಹೊರಡಬೇಕು. ಅಕ್ಕನಿಗೆ ಕಾರು ನಡೆಸಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಬಾಡಿಗೆಯದಾದರೂ ಈ ಮನೆ ಅವಳಿಗೆ ಅಷ್ಟು ಮುಖ್ಯವಾದದ್ದು ಅದಕ್ಕೇ. ಇಲ್ಲಿಂದ ಅವಳ ಕೆಲಸದ ಜಾಗಕ್ಕೆ ಹತ್ತು ನಿಮಿಷದ ನಡಿಗೆ.

ಕಾರಿನಿಂದ ಇಳಿದು, ಮನೆಯ ಮುಂದಿನ ಹುಲ್ಲಿನ ಮೇಲೆ ಚೀಲ ಇಡಹೋದೆ. ಭಾವ ಓಡಿ ಬಂದು ಚೀಲವನ್ನು ನೆಲ ಮುಟ್ಟುವ ಮೊದಲೇ ಹಿಡಿದರು.

"ಸರೂ, ಹುಲ್ಲಿನ ಮ್ಯಾಲ ಏನೂ ಇಡಬ್ಯಾಡ್ವಾ. ನೀನೂ ನಿಂದರಬ್ಯಾಡ."

"ಯಾಕ್ರಿ ಭಾವಾರ, ಹಾವು ಅದಾವೇನ್ರಿ?"

"ಹಾವು ಇದ್ರ ಬಿಡವಾ, ನಡೀತಿತ್ತು. ಇನ್ಸ್‌ಪೆಕ್ಷನ್ ಐತಿ."

ಒಳಗೆ ಚಹಾ ಕುಡಿಯುತ್ತ ಅಕ್ಕ ಬಿಡಿಸಿ ಹೇಳಿದಳು. ಮನೆಯ ಮಾಲೀಕ ಬೇರೆ ಊರಿನಲ್ಲಿದ್ದಾನೆ. ಅವನ ಪರವಾಗಿ ಏಜೆಂಟಳೊಬ್ಬಳು ಮೂರು ತಿಂಗಳಿಗೊಮ್ಮೆ ಬಂದು ಮನೆ ನೋಡಿ ವರದಿ ಬರೆಯುತ್ತಾಳೆ. ಮುಂದಿನ ಲಾನನ್ನು ಹಸಿರಾಗಿ ಇಟ್ಟುಕೊಳ್ಳಬೇಕು ಎಂಬುದು ಕರಾರಿನಲ್ಲೇ ಇದೆ. ಅಲ್ಲಿ ಏಪ್ರಿಲ್ ಹೊತ್ತಿಗೆ ಬೇಸಿಗೆ ಮುಗಿದಿರುತ್ತದೆ, ಮಳೆ ಬರುವುದು ಅದರ ಮುಂದಿನ ಚಳಿಗಾಲಕ್ಕೆ, ಇನ್ನೂ ಅದರ ಸುಳಿವಿಲ್ಲ. ಕಳೆದ ಸಲ ಅಲ್ಲಲ್ಲಿ ಬೋಳಾಗಿದ್ದಕ್ಕೆ ವರದಿಯಲ್ಲಿ ಎರಡು ಸಾಲು ಬಿದ್ದಿದ್ದವು. ಈ ಸಲವೂ ಬಿದ್ದರೆ ಕರಾರು ಮುಂದುವರಿಯುವುದು ಕಷ್ಟ. ತಪಾಸಣೆಗೆ ಹದಿನೇಳು ದಿನ ಉಳಿದಿತ್ತು.

ಸಂಜೆ ಭಾವ ಕೈಯಲ್ಲಿ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತ ಭೀಮಪಲಾಸದ ಆಲಾಪ ಶುರು ಮಾಡಿದರು. ಧಾರವಾಡದಲ್ಲಿದ್ದಾಗ ಅವರು ಹಾಡುತ್ತಿದ್ದುದು ಬಚ್ಚಲಮನೆಯಲ್ಲಿ ಮಾತ್ರ. ಮೇಲಿನ ಷಡ್ಜಕ್ಕೆ ಹೋದಾಗ ಪಕ್ಕದ ಮನೆಯ ಕೀತ್ ಎಂಬ ಮುದುಕ ಬೇಲಿಯ ಮೇಲಿಂದ ಇಣುಕಿ, ಎಲ್ಲಿ ನೋಯುತ್ತಿದೆ ಎಂದು ಕಳಕಳಿಯಿಂದ ಕೇಳಿದ. ಭಾವ ಮತ್ತೆ ಮಂದ್ರದಿಂದ ಎತ್ತಿಕೊಂಡರು.

ಪೈಪಿನ ನೀರು ನೆಲಕ್ಕೆ ಬಿದ್ದು ಏನು ಮಾಡುತ್ತದೆ ಎಂದು ನಾನು ಕುಕ್ಕುರುಗಾಲಲ್ಲಿ ಕೂತು ನೋಡಿದೆ. ನೀರು ಒಳಗೆ ಇಳಿಯದೆ ಹನಿಹನಿಯಾಗಿ ಮರಳಿನ ಮೇಲೆ ಉರುಳಿ ಹೋಗುತ್ತಿತ್ತು. ಅಲ್ಲಿನ ಮಣ್ಣು ಒಣಗಿ ಒಣಗಿ ನೀರನ್ನೇ ಒಲ್ಲೆ ಅನ್ನುತ್ತದಂತೆ. ಅದಕ್ಕೆ ನೀರು ಕುಡಿಯುವ ಬುದ್ಧಿ ಬರಲೆಂದು ಅಂಗಡಿಯಲ್ಲಿ ಒಂದು ಔಷಧಿ ಸಿಗುತ್ತದೆ, ಭಾವ ಅದನ್ನು ಚಮಚೆಯಲ್ಲಿ ಅಳೆದು ಕಲಸಿ ಹಾಕುತ್ತಿದ್ದರು. ನಮ್ಮ ಹೊಲದ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು, ಮೊದಲ ಮಳೆಯನ್ನು ಹನಿ ಬಿಡದೆ ಕುಡಿಯುತ್ತದೆ. ಮಣ್ಣಿಗೆ ಔಷಧಿ ಕುಡಿಸಿ ನೀರು ಕುಡಿಸುವ ಊರು ನಾನು ಕೇಳಿದ್ದಿಲ್ಲ.

"ಇದು ಯಾವ ಹುಲ್ರಿ?" ಎಂದು ಕೇಳಿದೆ.

"ಕೂಚ್," ಎಂದರು ಭಾವ, ಸ್ವಲ್ಪ ಹೆಮ್ಮೆಯಿಂದ.

ಹೆಸರೇ ಹಾಗಿದೆ, ಯಾವುದೋ ದುಬಾರಿ ವಿದೇಶಿ ಜಾತಿ ಇರಬೇಕು ಅಂದುಕೊಂಡೆ. ಕತ್ತರಿಸಿ ಕತ್ತರಿಸಿ ಗಂಬಳಿಯಷ್ಟು ಗಿಡ್ಡ ಮಾಡಿದ್ದರಿಂದ ಗುರುತು ಹಿಡಿಯುವುದಕ್ಕೂ ಏನೂ ಇರಲಿಲ್ಲ.

ಬುಧವಾರ: ನೀರಿನ ದಿನ

ಮಂಗಳವಾರ ಊಟ ಮಾಡುವಾಗ ಅಕ್ಕ, "ನಾಳಿ ನಮ್ಮ ನೀರಿನ ದಿನಾ, ಆಮ್ಯಾಲ ಶನಿವಾರ," ಎಂದಳು. ಬೆಂಗೇರಿಯವರ ಕಿವಿಗೆ ಈ ಮಾತು ಬಿದ್ದರೆ ಮುಂದಿನದನ್ನು ಕೇಳುವ ಅಗತ್ಯವಿರುವುದಿಲ್ಲ. ನಮ್ಮ ಓಣಿಯಲ್ಲಿ ನೀರು ಬರುವ ದಿನ ಮದುವೆಗಳ ಮುಹೂರ್ತ ಬದಲಾದದ್ದನ್ನು ನಾನೇ ಕಂಡಿದ್ದೇನೆ. ನಳದ ಮುಂದೆ ಕೊಡ, ಬಕೆಟ್ಟು, ಪಿಪಾಯಿ ಸಾಲು ಹಚ್ಚದಿದ್ದರೆ ಮುಂದಿನ ಸರದಿಯವರೆಗೆ ನೆರೆಮನೆಗೆ ತಂಬಿಗೆ ಹಿಡಿದು ಹೋಗಬೇಕು.

ಬೆಳಗಾಗುವ ಮೊದಲೇ ಎದ್ದೆ. ಅಕ್ಕನ ಎರಡು ಬಕೆಟ್ಟು ತುಂಬಿದವು. ಕುಕ್ಕರು, ಇಡ್ಲಿ ಪಾತ್ರೆ, ಬೋಗುಣಿಗಳು ತುಂಬಿದವು. ಬಚ್ಚಲಮನೆಯ ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿದೆ. ಹೂದಾನಿಯ ಪ್ಲಾಸ್ಟಿಕ್ ಹೂವು ತೆಗೆದು ಅದನ್ನೂ ತುಂಬಿದೆ. ಬಟ್ಟೆ ಇಡುವ ದೊಡ್ಡ ಡಬ್ಬಗಳನ್ನು ಬರಿದು ಮಾಡಿ ತುಂಬಿದೆ. ಕೊನೆಗೆ ಉಳಿದದ್ದು ಭಾವನ ಊಟದ ಡಬ್ಬಿ ಮತ್ತು ಕಾಫಿ ಫಿಲ್ಟರು. ಅವಕ್ಕೂ ನೀರು ಹಾಕಿ ಮುಚ್ಚಳ ಮುಚ್ಚಿ, ಕೆಲಸ ಮುಗಿದ ಸಮಾಧಾನದಿಂದ ಕೂತೆ.

ಭಾವ ಪಾಳಿಗೆ ಹೊರಡಲು ಎದ್ದು ಬಂದರು. ನೆಲದ ಮೇಲೆ ಕಾಲಿಡಲು ಜಾಗ ಹುಡುಕುತ್ತ ಒಲೆಯವರೆಗೆ ತಲುಪಿ, ಕಾಫಿ ಫಿಲ್ಟರು ತೆರೆದು, ಒಳಗೆ ನೋಡಿದರು.

"ಸರೂ, ಇದೇನ್ವಾ?"

"ನೀರ ತುಂಬೇನ್ರಿ ಭಾವಾರ. ಇನ್ನ ಶನಿವಾರತನಾ ಬರೂದಿಲ್ಲಲ್ರಿ."

ಅವರು ನಳ ತಿರುಗಿಸಿದರು. ನೀರು ಬಂತು. ನಿಲ್ಲಿಸಿದರು. ಮತ್ತೆ ತಿರುಗಿಸಿದರು, ಮತ್ತೆ ಬಂತು.

"ಇಲ್ಲಿ ನಳದಾಗ ದಿನಾ ಬರ್ತಾವ್ವಾ. ನೀರಿನ ದಿನಾ ಅಂದ್ರ ಹುಲ್ಲಿಗೆ. ಪೈಪ ಕೈಯಾಗ ಹಿಡದು ದಿನಾ ಹಾಕಬಹುದು, ತುಂತುರು ಹಾರಸೂ ಯಂತ್ರ ವಾರಕ್ಕ ಎರಡ ದಿನಾ ಅಷ್ಟ ಹಚ್ಚಬೇಕು. ಮನಿ ನಂಬರ್ ನೋಡಿ ದಿನಾ ಕೊಟ್ಟಿರ್ತಾರ."

"ಹಂಗಾದ್ರ ಹುಲ್ಲಿಗೆ ದಿನಾ ಪೈಪು, ವಾರಕ್ಕ ಎರಡ ಸಲಾ ಯಂತ್ರ?"

"ಹೌದು."

"ನಮ್ಮಕಿಂತ ಛಲೋ ಐತಲ್ರಿ ಇದರ ಬಾಳೇ."

ಅಕ್ಕ ಎದ್ದು ಬಂದು ನಕ್ಕು ನಕ್ಕು ಗೋಡೆ ಹಿಡಿದು ಕೂತಳು. ಆದರೆ ತುಂಬಿದ ನೀರನ್ನು ಚೆಲ್ಲಲು ಅವಳಿಗೂ ಮನಸ್ಸು ಬರಲಿಲ್ಲ. ಹದಿನೈದು ವರ್ಷ ಆಸ್ಟ್ರೇಲಿಯಾದಲ್ಲಿದ್ದರೂ ಅವಳ ಕೈಗೆ ಅದು ಸಾಧ್ಯವಾಗಲಿಲ್ಲ. ಎರಡು ದಿನ ನಾವು ಬಕೆಟ್ಟುಗಳ ನಡುವೆ ಅಡ್ಡಡ್ಡ ನಡೆಯುತ್ತ ಓಡಾಡಿದೆವು. ಅವತ್ತು ನಾನು ಬೆಂಗೇರಿಗೆ ಫೋನು ಮಾಡಿ ನಮ್ಮ ಮನೆಯವರನ್ನು ನೀರು ಬಂದವೇ ಎಂದು ಕೇಳಿದೆ. "ಬಂದಿದ್ವಂತ. ನಾ ಮಲ್ಕೊಂಡಿದ್ದೆ," ಎಂದರು. ಅಷ್ಟು ದೂರದಿಂದ ಜಗಳ ಮಾಡಲಾಗದೆ ಫೋನಿಟ್ಟೆ.

ಗುರುವಾರ: ಕೀತನ ಕಸಬರಿಗೆ

ಬೀದಿ ಸುತ್ತಿ ಬರೋಣವೆಂದು ಹೊರಟೆ. ಎಲ್ಲ ಮನೆಯ ಮುಂದೂ ಹುಲ್ಲು, ಆದರೆ ಅದರ ಮೇಲೆ ಒಂದು ಆಕಳೂ ಇಲ್ಲ, ಎಮ್ಮೆಯೂ ಇಲ್ಲ, ಕೂತು ಹರಟುವ ಮನುಷ್ಯರೂ ಇಲ್ಲ. ಹುಲ್ಲನ್ನು ನೀರು ಹಾಕಿ ಬೆಳೆಸುತ್ತಾರೆ, ಬೆಳೆಯಿತೆಂದು ಯಂತ್ರ ಹಚ್ಚಿ ಕತ್ತರಿಸುತ್ತಾರೆ, ಕತ್ತರಿಸಿದ್ದನ್ನು ಡಬ್ಬಿಯಲ್ಲಿ ತುಂಬಿ ಕಸದ ಲಾರಿಗೆ ಕೊಡುತ್ತಾರೆ. ನಮ್ಮ ಕಡೆಯ ಎಮ್ಮೆಯೊಂದಕ್ಕೆ ಈ ವಿಷಯ ತಿಳಿದರೆ ಹಾಲು ಕೊಡುವುದನ್ನೇ ನಿಲ್ಲಿಸೀತು.

ಕೀತ್ ಮಾತ್ರ ಈ ಗೊಡವೆಯಿಂದ ಪಾರಾಗಿದ್ದ. ಅವನು ಹುಲ್ಲು ತೆಗೆಸಿ ಪ್ಲಾಸ್ಟಿಕ್ಕಿನ ಹುಲ್ಲು ಹಾಸಿಸಿದ್ದ. ನಾನು ಹೋದಾಗ ಉದ್ದನೆಯ ವೈರು ಎಳೆದುಕೊಂಡು ಧೂಳೆಳೆಯುವ ಯಂತ್ರದಿಂದ ಅಂಗಳದ ಹುಲ್ಲನ್ನು ಗುಡಿಸುತ್ತಿದ್ದ. ಬಿಸಿಲೇರಿದ ಮೇಲೆ ಅದರ ಮೇಲೆ ಕಾಲಿಟ್ಟರೆ ಚುರ್ ಅನ್ನುತ್ತದೆ ಎಂದು ತನ್ನ ಅಂಗಾಲು ತೋರಿಸಿದ. ತಂಪಾಗಲೆಂದು ಅದಕ್ಕೂ ಆಗಾಗ ನೀರು ಹಾಕುತ್ತಾನಂತೆ. ಇದನ್ನು ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ನಾಚಿಕೆಯಿತ್ತು.

ಶುಕ್ರವಾರ: ಉಪಕಾರ

ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನನಗೆ ಕೆಲಸವಿಲ್ಲದೆ ಕೈ ಕಡಿಯುತ್ತಿತ್ತು. ಟಪಾಲು ಡಬ್ಬಿಯ ಹತ್ತಿರ, ಭಾವನ ಯಂತ್ರ ಮುಟ್ಟದ ಮೂಲೆಯಲ್ಲಿ, ಹುಲ್ಲು ಉದ್ದ ಬೆಳೆದು ನೆಲದ ಮೇಲೆ ಹಬ್ಬಿದ್ದನ್ನು ಕಂಡೆ. ಬಗ್ಗಿ ನೋಡಿದೆ. ಗೆಣ್ಣು ಗೆಣ್ಣಿಗೆ ಬೇರು, ತುದಿಯಲ್ಲಿ ಬೆರಳು ಬಿಡಿಸಿದ ಹಾಗೆ ತೆನೆ. ಸಂಶಯವೇ ಇರಲಿಲ್ಲ. ನಮ್ಮ ಕರಕಿ. ಗಣಪತಿಯ ತಲೆಯ ಮೇಲೆ ಇಪ್ಪತ್ತೊಂದು ಏರಿಸುವ ಗರಿಕೆ ಅದೇ, ಆದರೆ ಹೊಲದಲ್ಲಿ ಕಂಡರೆ ಒಕ್ಕಲಿಗನ ಎದೆ ಧಸಕ್ಕೆನ್ನುತ್ತದೆ. ಸಾಲಿಗೆ ರಜೆ ಬಂದರೆ ನಮ್ಮಪ್ಪ ನನ್ನನ್ನೂ ಅಕ್ಕನನ್ನೂ ಹೊಲಕ್ಕೆ ಕರೆದೊಯ್ದು ನೇಗಿಲ ಹಿಂದೆ ಕರಕಿ ಆರಿಸಲು ಹಚ್ಚುತ್ತಿದ್ದರು. ನಮ್ಮ ಬಾಲ್ಯದ ಅರ್ಧ ಬೇಸಿಗೆ ಅದರಲ್ಲೇ ಕಳೆದಿದೆ.

ಭಾವನ ಬೆಲೆಬಾಳುವ ಕೂಚಿನೊಳಗೆ ಕರಕಿ ನುಗ್ಗಿದೆ, ಪಾಪ ಅವರಿಗೆ ಗೊತ್ತೇ ಇಲ್ಲ. ಇದು ಇದ್ದದ್ದಕ್ಕೇ ಹೋದ ಸಲ ಹುಲ್ಲು ಬೋಳಾಗಿದೆ. ಹೀಗೆಲ್ಲ ತರ್ಕ ಮಾಡಿ, ಅಡುಗೆಮನೆಯ ಹಳೆಯ ಚಾಕು ತಂದು, ಸೀರೆ ಎತ್ತಿ ಕಟ್ಟಿ ಕೂತೆ.

ಒಂದು ಎಳೆ ಹಿಡಿದು ಎಳೆದೆ. ಅದು ಲಾನಿನೊಳಗೆ ಹೋಗಿತ್ತು. ಹಿಂಬಾಲಿಸಿದೆ. ಅಲ್ಲಿ ಅದು ಮೂರಾಯಿತು. ಮೂರನ್ನೂ ಹಿಂಬಾಲಿಸಿದೆ. ಎತ್ತ ಕಿತ್ತರೂ ಕರಕಿಯೇ ಬರುತ್ತಿತ್ತು, ಕೂಚ್ ಮಾತ್ರ ಎಲ್ಲೂ ಸಿಗಲಿಲ್ಲ. ಅಯ್ಯೋ, ಎಲ್ಲವನ್ನೂ ನುಂಗಿಬಿಟ್ಟಿದೆಯಲ್ಲ ಎಂದು ಹಠ ಹೆಚ್ಚಾಯಿತು. ಮರಳು ನೆಲ, ಬೇರು ಸಲೀಸಾಗಿ ಬರುತ್ತಿತ್ತು, ಅದೊಂದು ಸುಖ. ಹೊತ್ತು ನೆತ್ತಿಗೇರುವಷ್ಟರಲ್ಲಿ ಎರಡು ಜಮಖಾನೆ ಹಾಸುವಷ್ಟು ಜಾಗ ಸ್ವಚ್ಛವಾಗಿತ್ತು. ಕಿತ್ತದ್ದನ್ನು ಬದುವಿಗೆ ಎಸೆದರೆ ಮತ್ತೆ ಚಿಗುರುತ್ತದೆಂದು ನನಗೆ ಗೊತ್ತು. ಹಾಗಾಗಿ ಕಾರು ನಿಲ್ಲಿಸುವ ಕಾಂಕ್ರೀಟಿನ ಮೇಲೆ ಬೇರು ಮೇಲಾಗಿ ಹರವಿ, ಬಿಸಿಲಿಗೆ ಒಣಹಾಕಿ, ಕೈ ತೊಳೆದುಕೊಂಡು ಚಹಾ ಮಾಡಿಕೊಂಡೆ.

ಮೊದಲು ಬಂದವರು ಭಾವ. ಕಾರು ಒಳಗೆ ತರದೆ ರಸ್ತೆಯಲ್ಲೇ ನಿಲ್ಲಿಸಿ ಇಳಿದರು.

"ನೋಡ್ರಿ ಭಾವಾರ, ನಿಮ್ಮ ಹುಲ್ಲಿನಾಗ ಎಷ್ಟ ಕರಕಿ ಇತ್ತು," ಎಂದೆ.

ಅಷ್ಟರಲ್ಲಿ ಅಕ್ಕ ನಡೆದು ಬಂದಳು. ಬೋಳು ನೆಲ ನೋಡಿದಳು, ಕಾಂಕ್ರೀಟು ನೋಡಿದಳು, ನನ್ನ ಕೈಯಲ್ಲಿದ್ದ ಚಹಾದ ಕಪ್ಪನ್ನೂ ನೋಡಿದಳು.

"ಸರೂ. ಕರಕೀನ ಇಲ್ಲಿ ಲಾನು."

"ಮತ್ತ ಕೂಚು?"

"ಕೂಚ್ ಅಂದ್ರ ಕರಕಿ. ಇಲ್ಲಿ ಇದನ್ನ ಚಾಪಿ ಸುತ್ತಿದಂಗ ಸುತ್ತಿ ಅಂಗಡ್ಯಾಗ ಮಾರ್ತಾರ."

ಕರಕಿಯನ್ನು ಕೊಂಡು ತಂದು ಹಾಸುವ ಜನ ಭೂಮಿಯ ಮೇಲೆ ಇದ್ದಾರೆಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕ ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದು, ಊಟ ಆಯಿತೇ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ಸಿಟ್ಟು ನನಗೆ ಗೊತ್ತು, ಚಿಕ್ಕಂದಿನಿಂದ ಕಂಡಿದ್ದೇನೆ, ಆದರೆ ಇದು ಹೊಸ ತರಹದ್ದು. ಅಲ್ಲಿಂದ ಮುಂದೆ ಅವಳು ನನ್ನೊಡನೆ ಕನ್ನಡವನ್ನೇ ಬಿಟ್ಟುಬಿಟ್ಟಳು. ಔಷಧಿ ಕುಡಿಯದ ಮುದುಕರನ್ನು ಮಾತಾಡಿಸುವ ನಯವಾದ ನರ್ಸಿನ ಇಂಗ್ಲಿಷಿನಲ್ಲಿ, ಇನ್ನೊಂದು ರೊಟ್ಟಿ ಬೇಕೇ, ನಿದ್ದೆ ಚೆನ್ನಾಗಿ ಬಂತೇ ಎಂದು ಕೇಳತೊಡಗಿದಳು. ಕನ್ನಡ ಮಾಸ್ತರಣಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು.

ಹತ್ತು ದಿನ: ನಾಟಿ

ಭಾವ ಕಾಂಕ್ರೀಟಿನ ಮೇಲಿನ ಕರಕಿಯನ್ನು ಬಾಚಿ ಬಾಚಿ ಬಕೆಟ್ಟುಗಳಲ್ಲಿ ಮುಳುಗಿಸಿದರು. ಬುಧವಾರ ತುಂಬಿದ ನೀರು ಅವತ್ತು ಉಪಯೋಗಕ್ಕೆ ಬಂತು. ಅರ್ಧ ಸತ್ತಿತ್ತು, ಅರ್ಧದಲ್ಲಿ ಜೀವವಿತ್ತು. ಜೀವವಿದ್ದದ್ದನ್ನು ಎರಡೆರಡು ಗೆಣ್ಣು ಬರುವ ಹಾಗೆ ತುಂಡು ಮಾಡಿ, ಕಬ್ಬು ನಾಟಿದಂತೆ ಸಾಲು ಹಿಡಿದು ನಾಟಿದೆ. ಭಾವ ಹಿಂದಿನಿಂದ ಪಾದದಿಂದ ಒತ್ತುತ್ತ ಬಂದರು. ಹುಲ್ಲಿನ ಮೇಲೆ ಅವರು ಕಾಲಿಟ್ಟದ್ದನ್ನು ನೋಡಿದ್ದು ಅದೇ ಮೊದಲು.

ಹೆಬ್ಬಳ್ಳಿಯಲ್ಲಿ ಯಾರಾದರೂ ನನ್ನನ್ನು ಈ ಸ್ಥಿತಿಯಲ್ಲಿ ನೋಡಿದ್ದರೆ ಏನು ಗತಿ ಎಂದು ನೆನೆದು ಒಬ್ಬಳೇ ನಕ್ಕೆ. ಕರಕಿಯನ್ನು ಬೇಡಿಕೊಂಡು ಬೆಳೆಸಿದ ಮೊದಲ ಒಕ್ಕಲಿಗರ ಮಗಳು ನಾನೇ ಇರಬೇಕು. ಬೆಳಿಗ್ಗೆ ಎದ್ದು ಅದಕ್ಕೆ ಪೈಪಿನಿಂದ ನೀರು ಹಾಕುತ್ತಿದ್ದೆ. ಸ್ನಾನದ ನೀರು, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವೂ ಅದಕ್ಕೇ. ಮಣ್ಣಿಗೆ ಬುದ್ಧಿ ಕಲಿಸುವ ಔಷಧಿಯನ್ನೂ ಚಮಚೆಯಿಂದ ಅಳೆದು ಹಾಕಿದೆ. ಸಂಜೆ ಭಾವ ಹಾಡುತ್ತಿದ್ದರು. ಹೊಲದಲ್ಲಿ ಬೇಡವೆಂದರೂ ರಾತ್ರೋರಾತ್ರಿ ಹಬ್ಬುವ ಕರಕಿ ಇಲ್ಲಿ ಐದು ದಿನ ಮುಖ ಗಂಟು ಹಾಕಿಕೊಂಡು ಹಳದಿಯಾಗಿ ಕೂತಿತು. ಆರನೆಯ ದಿನ ಒಂದು ಗೆಣ್ಣಿನಲ್ಲಿ ಸೂಜಿಮೊನೆಯಷ್ಟು ಹಸಿರು ಕಂಡಿತು. ನಾನು ಓಡಿ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಇಂಗ್ಲಿಷಿನಲ್ಲಿ, ಬಹಳ ಸಂತೋಷ ಎಂದಳು.

ರಾತ್ರಿ ಹಾಸಿಗೆಯಲ್ಲಿ ನನಗೆ ಅಳು ಬರುತ್ತಿತ್ತು. ಮನೆ ಹೋದರೆ ಅವಳು ಚಳಿಗಾಲದ ಮಳೆಯಲ್ಲಿ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗಬೇಕಾಗುತ್ತಿತ್ತು. ಅದಕ್ಕೆ ಕಾರಣ ಉಪಕಾರ ಮಾಡಲು ಹೋದ ತಂಗಿ.

ತಪಾಸಣೆಯ ಮುಂಚಿನ ದಿನ ಕೀತ್ ತನ್ನಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಹುಲ್ಲಿನ ತುಂಡು ಹೊತ್ತು ತಂದ. ಬೋಳು ಜಾಗದ ಮೇಲೆ ಹಾಸಿಬಿಡಿ, ಯಾರಿಗೂ ತಿಳಿಯದು ಎಂದ. ಹಾಸಿ, ಭಾವ, ಕೀತ್, ನಾನು ಮೂವರೂ ರಸ್ತೆಯಾಚೆ ಹೋಗಿ ನಿಂತು ನೋಡಿದೆವು. ಪ್ಲಾಸ್ಟಿಕ್ಕು ಎಷ್ಟು ಹಸಿರಾಗಿತ್ತೆಂದರೆ ಅದರ ಪಕ್ಕದಲ್ಲಿ ನಿಜವಾದ ಲಾನು ಸತ್ತುಹೋದಂತೆ ಕಂಡಿತು. ಕೀತ್ ತಲೆ ಕೆರೆದುಕೊಂಡು, ಅದನ್ನು ಸುತ್ತಿಕೊಂಡು ವಾಪಸ್ಸು ಹೋದ.

ಮಂಗಳವಾರ: ತಪಾಸಣೆ

ಏಜೆಂಟಳ ಹೆಸರು ಮಿಶೆಲ್. ಎತ್ತರದ ಹೆಂಗಸು, ಎತ್ತರದ ಹಿಮ್ಮಡಿಯ ಬೂಟು. ಮನೆಯೊಳಗೆಲ್ಲ ನೋಡಿ, ಹೊರಗೆ ಬಂದು ಲಾನಿನ ಅಂಚಿನಲ್ಲಿ ನಿಂತಳು. ಎರಡು ಜಮಖಾನೆಯಷ್ಟು ಬರಿ ಮರಳು, ಅದರ ಮೇಲೆ ದಾರ ಹಿಡಿದು ಎಳೆದಂತೆ ಹನ್ನೊಂದು ಸಾಲು ಕರಕಿ. ಒಂದೊಂದೂ ಕಿರುಬೆರಳಿನಷ್ಟು. ಅವಳು ಫೋಟೋ ತೆಗೆದಳು. ಅಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಭಾವ ರಜೆ ಹಾಕಿ ಮನೆಯಲ್ಲಿದ್ದವರು ಒಳಗಿನಿಂದ ಹೊರಗೇ ಬರಲಿಲ್ಲ.

ಇದೇನು ಎಂದು ಮಿಶೆಲ್ ಕೇಳಿದಳು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಹೋದೆ. ನನ್ನ ಇಂಗ್ಲಿಷು ಹೈಸ್ಕೂಲಿನದು, ಭೂತಕಾಲ ವರ್ತಮಾನಕಾಲ ಬೆರೆತು ಬರುತ್ತದೆ. ಇದು ನನ್ನದೇ ಕೆಲಸ, ನಾನು ಅತಿಥಿ, ನಮ್ಮ ಊರಲ್ಲಿ ಈ ಹುಲ್ಲು ಶತ್ರು, ಕಿತ್ತೆ, ತಪ್ಪಾಯಿತು, ಮತ್ತೆ ನಾಟಿದೆ, ಅಕ್ಕನದೇನೂ ತಪ್ಪಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಮಿಶೆಲ್ ಬೂಟು ಬಿಚ್ಚಿ ಬದಿಗಿಟ್ಟು, ಕುಕ್ಕುರುಗಾಲಲ್ಲಿ ಕೂತು, ಒಂದು ಎಸಳು ಹಿಡಿದು ಮೆಲ್ಲಗೆ ಎಳೆದಳು. ಬರಲಿಲ್ಲ. ಇನ್ನೊಂದು ಹಿಡಿದು ಎಳೆದಳು. ಅದೂ ಬರಲಿಲ್ಲ. ಇಷ್ಟು ನೇರ ಸಾಲಿನಲ್ಲಿ ಯಾಕೆ ನಾಟಿದ್ದೀರಿ ಎಂದು ಕೇಳಿದಳು. ಸೊಟ್ಟ ನಾಟಿದರೆ ನಮ್ಮೂರಲ್ಲಿ ನಗುತ್ತಾರೆ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆದರೆ ನಗು ನಿಲ್ಲಿಸಿದ ಮೇಲೆ ತನ್ನ ಫೋನಿನಲ್ಲಿ ಏನನ್ನೋ ಬಹಳ ಹೊತ್ತು ಬರೆದಳು. ಸಂಜೆ ಮೇಲ್ ಬರುತ್ತದೆ ಎಂದಷ್ಟೇ ಹೇಳಿ ಹೊರಟುಹೋದಳು.

ಸಂಜೆ ಮೇಲ್ ಬಂತು. ಭಾವ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. ಬಾಡಿಗೆದಾರರು ಸ್ವಂತ ಶ್ರಮದಿಂದ ಲಾನನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಸಸಿಗಳು ಚೆನ್ನಾಗಿ ಬೇರು ಹಿಡಿದಿವೆ. ಮಾಲೀಕರು ಸಂತೋಷಪಟ್ಟು ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದಾರೆ. ಇಷ್ಟಕ್ಕೆ ಭಾವ ನಿಲ್ಲಿಸಿ ಕಣ್ಣು ಒರೆಸಿಕೊಂಡರು. ಕೊನೆಗೆ ಇನ್ನೊಂದು ಸಾಲಿತ್ತು. ಉಳಿದ ಭಾಗದ ಹುಲ್ಲು ಹಳೆಯದಾಗಿ ಬೋಳು ಬೀಳುತ್ತಿರುವುದರಿಂದ, ಮುಂದಿನ ತಪಾಸಣೆಯೊಳಗೆ ಅದನ್ನೂ ಇದೇ ರೀತಿ ಕಿತ್ತು ನಾಟಬೇಕೆಂದು ಮಾಲೀಕರ ಕೋರಿಕೆ.

ನನ್ನ ವಿಮಾನಕ್ಕೆ ನಾಲ್ಕು ದಿನ ಉಳಿದಿತ್ತು. ಅಕ್ಕ ಎದ್ದು ಕಿಟಕಿಯ ಹತ್ತಿರ ಹೋಗಿ, ಆ ಲಾನನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹುಚ್ಚಿ, ಖೋಡಿ, ನಿನಗ ಸಾಲ್ಯಾಗ ಮಾಸ್ತರಕಿ ಕೊಟ್ಟಾವ್ರು ಯಾರವಾ," ಎಂದು ಶುರು ಮಾಡಿದಳು. ಹನ್ನೊಂದು ದಿನದ್ದನ್ನೆಲ್ಲ ಒಟ್ಟಿಗೆ, ಅಪ್ಪಟ ಹೆಬ್ಬಳ್ಳಿಯ ಕನ್ನಡದಲ್ಲಿ ಬೈದಳು. ಕೇಳದವರಿಗೆ ಹೇಳಿ ತಿಳಿಸಲಾಗದಂಥ ಬೈಗುಳ. ನಾನು ಸೋಫಾದ ಮೇಲೆ ಕೂತು ಒಂದು ಮಾತೂ ತಪ್ಪಿಸಿಕೊಳ್ಳದೆ ಕೇಳಿದೆ. ಎದೆ ಹಗುರಾಗಿ ಕಣ್ಣಲ್ಲಿ ನೀರು ಬಂತು. ಭಾವ ಮೆಲ್ಲಗೆ ಎದ್ದು ಚಹಾಕ್ಕೆ ಇಟ್ಟರು.

ಅವಳಿಗೆ ದಣಿವಾದಾಗ ನನ್ನ ಪಕ್ಕ ಬಂದು ಕೂತಳು.

"ನಾಳಿ ನಂದು ರಜಾ ಐತಿ," ಎಂದಳು. "ಅತ್ತಾಗ ನೀ ಹಿಡಿ, ಇತ್ತಾಗ ನಾ ಹಿಡೀತೇನಿ. ನಿಮ್ಮ ಭಾವಾರಿಗೆ ಹೇಳು, ಚಾಕು ಮಸದ ಇಡಲಿ. ಒಂದ ಬೇರೂ ಉಳೀಬಾರದು."